ಸಂಗವ್ವನ ಹಣೆಯ ಮೇಲಿನ ಬೆಳಕು

ಮಿರಜ ಜಂಕ್ಷನ್

ನಮ್ಮ ಬೀದಿಯಲ್ಲಿ ಪರದೇಶ ಕಂಡುಬಂದವರಿಗೇನೂ ಕೊರತೆಯಿಲ್ಲ. ಎದುರುಮನೆಯವರು ಸಿಂಗಪುರಕ್ಕೆ ಹೋಗಿಬಂದು, ಅಲ್ಲಿಯ ರಸ್ತೆಗಳ ಚೊಕ್ಕತನವನ್ನು ಇಂದಿಗೂ ಹೊಗಳುತ್ತಾ, ತಮ್ಮ ಕಸವನ್ನು ನಮ್ಮ ಗೇಟಿನ ಮುಂದಕ್ಕೆ ಗುಡಿಸಿಬಿಡುತ್ತಾರೆ. ನನ್ನ ಪರದೇಶ ಮಿರಜ. ನಗಬೇಡಿ. ಮೈಸೂರಿನಲ್ಲಿ ರೈಲು ಹತ್ತಿ ಮಲಗಿ, ಎದ್ದು ಕಿಟಕಿಯಾಚೆ ನೋಡಿದರೆ ಬೋರ್ಡಿನ ಮೇಲಿನ ಅಕ್ಷರ ಬದಲಾಗಿರುತ್ತದೆ, ಕಾಫಿ ಹೋಗಿ ಚಹಾ ಬಂದಿರುತ್ತದೆ, ಎದುರು ಸೀಟಿನವರು ಆಡುವ ಮಾತು ಅರ್ಧ ನನ್ನದು, ಅರ್ಧ ನನ್ನದಲ್ಲ. ಪಾಸ್‌ಪೋರ್ಟಿಗೆ ಠಸ್ಸೆ ಹೊಡೆಯುವವರಿಲ್ಲ ಎನ್ನುವುದನ್ನು ಬಿಟ್ಟರೆ ಪರದೇಶಕ್ಕೆ ಇನ್ನೇನು ಕಡಿಮೆ?

ನನ್ನ ಕಸುಬು ಏನೆಂದು ಮೊದಲೇ ಹೇಳಿಬಿಡುತ್ತೇನೆ. ಹಳೆಯ ವರ್ಣಚಿತ್ರಗಳ ಮೇಲ್ಮೈಯನ್ನು ಕಂಪ್ಯೂಟರಿಗೆ ಇಳಿಸಿಡುವುದು ನನ್ನ ಕೆಲಸ. ಬರೀ ಫೋಟೋ ಅಲ್ಲ. ಫೋಟೋದಲ್ಲಿ ಬಣ್ಣ ಬರುತ್ತದೆ, ಬಣ್ಣದ ದಪ್ಪ ಬರುವುದಿಲ್ಲ. ಕುಂಚ ಎಲ್ಲಿ ಒತ್ತಿತು, ಎಲ್ಲಿ ಜಾರಿತು, ಬಣ್ಣ ಎಲ್ಲಿ ಬಿರುಕುಬಿಟ್ಟು ಹಪ್ಪಳದ ಅಂಚಿನಂತೆ ಎದ್ದಿದೆ, ಎಲ್ಲಿ ಹೊಳಪಿದೆ, ಎಲ್ಲಿ ಮಂಕಾಗಿದೆ, ಇದೆಲ್ಲ ಸಿಗಬೇಕಾದರೆ ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ, ದೀಪವನ್ನು ಮಾತ್ರ ಸುತ್ತಲೂ ಒಂದೊಂದು ದಿಕ್ಕಿನಿಂದ ಹಿಡಿದು, ಪ್ರತಿ ಸಲವೂ ಒಂದು ಚಿತ್ರ ತೆಗೆಯಬೇಕು. ಕಂಪ್ಯೂಟರು ಅವನ್ನೆಲ್ಲ ಕೂಡಿಸಿಕೊಟ್ಟ ಮೇಲೆ ಪರದೆಯ ಮೇಲೆ ಬೆಳಕನ್ನು ನಮಗೆ ಬೇಕಾದ ಕಡೆಗೆ ಸರಿಸಿ ನೋಡಬಹುದು. ಸಂಜೆಯ ಬಿಸಿಲು ಅಡ್ಡಡ್ಡ ಬಿದ್ದಾಗ ಅಂಗಳದ ಸಣ್ಣ ಹರಳಿಗೂ ನೆರಳು ಮೂಡುತ್ತದಲ್ಲ, ಅದೇ ಉಪಾಯ.

ಮಿರಜಕ್ಕೆ ಕರೆಸಿದವರು ಮಹಾಂತೇಶ. ಸಾಂಗ್ಲಿಯ ಪೇಟೆಯಲ್ಲಿ ಅರಿಸಿನದ ವ್ಯಾಪಾರ, ಮನೆ ಮಿರಜದಲ್ಲಿ. ಮೂಲತಃ ಕನ್ನಡದ ಲಿಂಗಾಯತರು. ಗಡಿಯಾಚೆ ಬಂದು ಎಷ್ಟು ತಲೆಮಾರಾಯಿತೆಂಬುದು ಅವರಿಗೇ ಗೊತ್ತಿಲ್ಲ. ಅವರ ತಾಯಿಯ ತಾಯಿ ಸಂಗವ್ವನ ತೈಲಚಿತ್ರವೊಂದು ಮನೆಯಲ್ಲಿದೆ. ಆಕೆಯ ಮುಖ ಉಳಿದಿರುವುದು ಆ ಚಿತ್ರದಲ್ಲಿ ಮಾತ್ರ, ಬೇರೆ ಫೋಟೋ ಇಲ್ಲ. ಅದರ ಬಣ್ಣ ಈಗ ಉದುರುತ್ತಿದೆ. ಪುಣೆಯಲ್ಲಿ ಚಿತ್ರಗಳನ್ನು ದುರಸ್ತಿ ಮಾಡುವ ಒಬ್ಬರು, ತಾವು ಮುಟ್ಟುವ ಮೊದಲು ಅದು ಹೇಗಿದೆಯೋ ಹಾಗೆ ದಾಖಲಾಗಬೇಕು ಎಂದಿದ್ದರಂತೆ. ಆದರೆ ಮನೆಯ ಹಿರಿಯರಾದ ಮಾವಶಿ, ಎಂದರೆ ಮಹಾಂತೇಶರ ತಾಯಿಯ ತಂಗಿ, ಚಿತ್ರವನ್ನು ಹೊರಗೆ ಕಳಿಸಲು ಸುತರಾಂ ಒಪ್ಪುತ್ತಿರಲಿಲ್ಲ.

"ನೀವು ಬಂದು ಕಾಪಿ ತಕ್ಕೊಂಡ್ರ ಆಕಿ ಮನಸ್ಸ ಕರಗೀತು ಬಾಯಾರ. ಇನ್ನೊಂದ ಮಳಿಗಾಲ ಅದು ತಡಿಯಾಂಗಿಲ್ಲ," ಎಂದು ಫೋನಿನಲ್ಲಿ ಹೇಳಿದ್ದರು.

ಮಿರಜದ ನಿಲ್ದಾಣದಲ್ಲಿ ಇಳಿದು, ನನ್ನ ಕರಿಯ ಪೆಟ್ಟಿಗೆಗಳನ್ನು ಎಳೆದುಕೊಂಡು ಹೊರಬಂದೆ. ರಿಕ್ಷಾದವನಿಗೆ ಗಲ್ಲಿಯ ಹೆಸರು ಕನ್ನಡದಲ್ಲಿ ಹೇಳಿದೆ. ಆತ ನನ್ನ ಮುಖ ನೋಡಿ, ಪೆಟ್ಟಿಗೆ ನೋಡಿ, ತಲೆಯಾಡಿಸಿ, ನೆಟ್ಟಗೆ ಒಂದು ದೊಡ್ಡ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದ.

"ನಾನು ಪೇಷೆಂಟ್ ಅಲ್ಲಪ್ಪ," ಎಂದೆ.

"ಹೌದನ್ರಿ? ಪೇಷಂಟ ಎಲ್ಲಿ ಅದಾರ?"

"ಮನೆಯಲ್ಲಿ."

"ಅಯ್ಯ, ಹಂಗಾರ ಮಶೀನ ಮನಿಗೇ ಒಯ್ಯಾಕತ್ತೀರಿ! ಭಾಳ ಸೀರಿಯಸ್ ಏನ್ರಿ?"

ಕನ್ನಡ ಮಾತಾಡುತ್ತಾ ಮಿರಜದಲ್ಲಿ ಇಳಿಯುವವರು ರೋಗಿಯೋ ರೋಗಿಯ ಕಡೆಯವರೋ ಆಗಿರಲೇಬೇಕು ಎಂಬುದು ಆ ಊರಿನ ನಂಬಿಕೆ. ವಿಜಯಪುರ, ಬಾಗಲಕೋಟೆಗಳಿಂದ ಜನ ದಿನಾ ಅದಕ್ಕೇ ಬರುತ್ತಾರೆ. ನಾಲ್ಕು ದಿನ ಅಲ್ಲಿದ್ದೆ, ಚಹಾದಂಗಡಿಯವನು, ಹೂ ಮಾರುವಾಕೆ, ಯಾರೇ ಆಗಲಿ, ನನ್ನ ಮಾತು ಕೇಳಿದ ಕೂಡಲೇ "ಯಾರಿಗ ಏನ ಆಗೇತ್ರಿ?" ಎನ್ನುತ್ತಿದ್ದರು. ನಮ್ಮೂರಿನಲ್ಲಿ ಹೊಸಬರನ್ನು ಕಂಡರೆ ಯಾವ ಊರು, ಯಾವ ಜನ ಎಂದು ಕೆದಕುತ್ತೇವೆ. ಇವರ ಪ್ರಶ್ನೆಯೇ ಎಷ್ಟೋ ವಾಸಿ ಅನ್ನಿಸಿತು. ರಿಕ್ಷಾದವನಿಗೆ ಮಾತ್ರ, "ವಯಸ್ಸಾಗಿದೆ, ನೋಡಬೇಕು," ಎಂದಷ್ಟೇ ಹೇಳಿದೆ. ಆತ ಗುಂಡಿ ತಪ್ಪಿಸಿ ನಿಧಾನವಾಗಿ ಓಡಿಸಿದ.

ಗಲ್ಲಿಯ ಮನೆ

ಮನೆಯ ಬಾಗಿಲಲ್ಲಿ ಮಹಾಂತೇಶರ ಹೆಂಡತಿ ಸುಮಿತ್ರಾ ನಿಂತಿದ್ದರು. "ಬರ್ರಿ ಬರ್ರಿ, ಕುಂದ್ರಿ" ಎನ್ನುತ್ತಲೇ ಒಳಗೆ ಯಾರಿಗೋ ಮರಾಠಿಯಲ್ಲಿ ಚಹಾಕ್ಕೆ ಹೇಳಿ, ನನ್ನತ್ತ ತಿರುಗಿ ಕನ್ನಡದಲ್ಲಿ ಪ್ರಯಾಣ ವಿಚಾರಿಸಿದರು. ಈ ಮನೆಯಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಮುಗಿಯುವುದು ಮಾಮೂಲು. ಆಡುವವರಿಗೆ ಅದರ ಪರಿವೆ ಇಲ್ಲ, ಕೇಳುವವರಿಗೂ ಇಲ್ಲ. ತೊಡಕು ನನಗೊಬ್ಬಳಿಗೆ.

ಚಿತ್ರ ನಡುಮನೆಯ ಗೋಡೆಯ ಮೇಲಿತ್ತು. ಹಸಿರು ಇಳಕಲ್ಲಿನ ಸೆರಗು ತಲೆ ಮೇಲೆ ಹೊದ್ದ, ಗಟ್ಟಿ ಗಲ್ಲದ ಹೆಂಗಸು. ಮೂಗಿನಲ್ಲಿ ಮೂಗುತಿ. ಕಲಾವಿದ ಊರವನೇ, ಅಂಗಡಿಯ ಬೋರ್ಡು ಬರೆಯುತ್ತಾ ಹೇಳಿದವರಿಗೆ ಚಿತ್ರವನ್ನೂ ಮಾಡಿಕೊಡುತ್ತಿದ್ದವನು. ಬಣ್ಣವನ್ನು ಜಿಪುಣತನ ಮಾಡದೆ ಮೆತ್ತಿದ್ದ. ಮೂಗುತಿಯ ಮುತ್ತಂತೂ ಬಿಳಿ ಬಣ್ಣದ ಒಂದು ದಪ್ಪ ತೊಟ್ಟು, ಕೈಯಲ್ಲಿ ಹಿಡಿಯಬಹುದು ಎನ್ನುವಂತಿತ್ತು. ಆದರೆ ಹಣೆ ಕಾಣುತ್ತಿರಲಿಲ್ಲ. ಅಲ್ಲಿ ಗೋಡೆಗೆ ಸುಣ್ಣ ಬಳಿದಂತೆ ವಿಭೂತಿ ದಪ್ಪಗೆ ಕೂತಿತ್ತು. ಅದರ ಮೇಲೆ ಹೂವಿನ ಮಾಲೆ ಬೇರೆ.

"ಫೋಟೋ ತಗಿಯಾಕ ಬರತಾರಂತ ಅಜ್ಜಿಗೆ ಇವತ್ತ ಬರೋಬ್ಬರಿ ವಿಭೂತಿ ಹಚ್ಚೇವ್ರಿ," ಎಂದು ಸುಮಿತ್ರಾ ಹಿಗ್ಗಿನಿಂದ ಹೇಳಿದರು.

ನನಗೆ ಮೈಯೆಲ್ಲ ಉರಿಯಿತು. ಹೇಗಿದೆಯೋ ಹಾಗೆ ಬೇಕು ಎಂದು ಫೋನಿನಲ್ಲಿ ಬಡಿದುಕೊಂಡಿದ್ದೆ. ಫೋಟೋ ತೆಗೆಸಿಕೊಳ್ಳುವವರು ಮುಖ ತೊಳೆದು, ಹಣೆಗೆ ಇಟ್ಟುಕೊಂಡು ಬಂದು ಕೂರಬೇಕಲ್ಲವೇ ಎಂಬುದು ಅವರ ಲೆಕ್ಕ. ಸಂಗವ್ವ ಅವರ ಪಾಲಿಗೆ ವಸ್ತುವಲ್ಲ, ಮನೆಯಲ್ಲಿದ್ದ ಮನುಷ್ಯಳು. ಬಶಿಯಲ್ಲಿ ಸುರಿದುಕೊಟ್ಟ ಚಹಾ ಕುಡಿದೆ. ಸಕ್ಕರೆ ಪಾಕ. ಕಾಫಿ ನೆನೆದು ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಗ ಒಳಗಿನಿಂದ ಮಹಾಂತೇಶರ ಜೊತೆ ಮಾವಶಿ ಬಂದರು, ಗೋಡೆಗೆ ಕೈ ಆನಿಸಿಕೊಂಡು. ಸಣ್ಣ ದೇಹ, ಎಪ್ಪತ್ತು ದಾಟಿದ ವಯಸ್ಸು, ಹೆಸರು ಶಿವಲೀಲಾ. ಆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ, ಗಲ್ಲಿಗೆಲ್ಲ ಮಾವಶಿ. ಕಣ್ಣಿನ ನರ ಸೋತು ಬೆಳಕು ಕತ್ತಲೆಯ ಗುರುತಷ್ಟೇ ಸಿಗುತ್ತದೆ. ಮದುವೆಯಾಗಲಿಲ್ಲ. ತಾಯಿ ಹಾಸಿಗೆ ಹಿಡಿದ ವರ್ಷಗಳಲ್ಲಿ ದಿನಾ ಬೆಳಿಗ್ಗೆ ಆಕೆಯ ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಿ, ಆಮೇಲೆ ತಮ್ಮ ಪೂಜೆಗೆ ಕೂರುತ್ತಿದ್ದರಂತೆ. ತಾಯಿ ಹೋದ ಮೇಲೆ ಚಿತ್ರದ ಗಾಜಿಗೆ ಹಚ್ಚತೊಡಗಿದರು. ಆಗ ಮನೆ ಸಾಂಗ್ಲಿಯಲ್ಲಿತ್ತು. ಕೃಷ್ಣೆ ಉಕ್ಕಿ ಪೇಟೆಯೊಳಗೆ ನುಗ್ಗಿದ ಮಳೆಗಾಲದಲ್ಲಿ, ಇವರ ಮಾತಿನಲ್ಲಿ ಪೂರ ಬಂದಾಗ, ನೀರು ಚಿತ್ರದವರೆಗೆ ಏರಲಿಲ್ಲ, ಆದರೆ ತೇವ ಏರಿತು. ಗಾಜಿನ ಒಳಗೆ ಬೂಸರು ಹಿಡಿಯಿತೆಂದು ಗಾಜು ತೆಗೆದುಬಿಟ್ಟರು. ಅಂದಿನಿಂದ ಬೆರಳು ನೇರ ಬಣ್ಣದ ಮೇಲೆ.

"ಬಂದ್ಯಾ ತಂಗಿ?" ಎಂದು ಮಾವಶಿ ನನ್ನ ಕೈ ಹಿಡಿದರು. "ಇವ ಏನ ಹೇಳ್ಯಾನೋ ಗೊತ್ತಿಲ್ಲ. ನೀ ಬೇಕಾದಷ್ಟ ತಕ್ಕೋ. ಆದರ ಅವ್ವನ್ನ ನಾ ಎಲ್ಲೂ ಕಳಸಾಂಗಿಲ್ಲ."

"ಮಾವಶಿ, ಪೂರದ ತೇವದಿಂದ ಬಣ್ಣ ಬಿಟ್ಟೈತಿ. ರಿಪೇರಿ ಮಾಡಸಬೇಕಲ್ಲ?" ಎಂದರು ಮಹಾಂತೇಶ.

"ಪುಣೆದಾಗ ಆಕಿ ಹಣಿ ಮುಟ್ಟಿ ವಿಭೂತಿ ಯಾರ ಹಚ್ಚತಾರ? ಯಾರರ ಅದಾರೇನ ಅಲ್ಲಿ ಆಕಿವರು?"

ಮಹಾಂತೇಶ ನನ್ನ ಪೆಟ್ಟಿಗೆಗಳನ್ನು ಎತ್ತಿ ಹಿಂದಿನ ಕೋಣೆಗೆ ಒಯ್ದರು.

ಕತ್ತಲೆ ಕೋಣೆ

ಮರುದಿನ ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಫ್ಯಾನು ನಿಲ್ಲಿಸಿ, ಚಿತ್ರವನ್ನು ಹಲಗೆಯ ಮೇಲೆ ಅಂಗಾತ ಮಲಗಿಸಿದೆ. ವಿಭೂತಿ ಇದ್ದ ಹಾಗೇ ಒಂದು ದಾಖಲೆ ಮಾಡಿಕೊಳ್ಳುವುದು, ಆಮೇಲಿನದು ಆಮೇಲೆ ಎಂದು ಪುಣೆಯವರೊಂದಿಗೆ ಮಾತಾಗಿತ್ತು. ಮೇಲೆ ಕ್ಯಾಮೆರಾ. ದೀಪ ಚಿತ್ರದಿಂದ ಎಲ್ಲ ಕಡೆಗೂ ಒಂದೇ ದೂರದಲ್ಲಿರಬೇಕಾದ್ದರಿಂದ ಅದಕ್ಕೊಂದು ದಾರ ಕಟ್ಟಿರುತ್ತೇನೆ. ಪ್ರತಿ ಸಲ ದಾರವನ್ನು ಎಳೆದು ಅಳೆದು, ಬಿಟ್ಟು, ಉಸಿರು ಹಿಡಿದು, ಒಂದು ಚಿತ್ರ.

ನಮ್ಮೂರಿನಲ್ಲಾದರೆ ಇದು ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಇಲ್ಲಿ ಪ್ರತಿ ಐದು ನಿಮಿಷಕ್ಕೊಮ್ಮೆ ಕಬ್ಬು ಹೇರಿದ ಟ್ರ್ಯಾಕ್ಟರು ಎರಡು ಟ್ರೇಲರು ಎಳೆದುಕೊಂಡು, ದೊಡ್ಡ ದನಿಯಲ್ಲಿ ಹಾಡು ಹಾಕಿಕೊಂಡು ಹಾದುಹೋಗುತ್ತದೆ. ನೆಲ ನಡುಗುತ್ತದೆ. ಕ್ಯಾಮೆರಾ ಕೂದಲೆಳೆಯಷ್ಟು ಕದಲಿದರೂ ಮಾಡಿದ್ದೆಲ್ಲ ನೀರುಪಾಲು. ಸುಮಿತ್ರಾ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, "ಬಂತ್ರೀ! ಥಾಂಬಾ, ತಡೀರಿ! ಹೋತ್ರಿ, ಹೋತ್ರಿ!" ಎಂದು ಕೂಗಿ ಹೇಳುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮಾಲಗಾಂವದಿಂದ ತರಕಾರಿ ಮಾರಲು ಬಂದವಳು, ಮನೆಯೊಳಗೆ ಏನು ಆಪರೇಷನ್ ನಡೆದಿದೆ ಎಂದು ಕೇಳಿ, ದನಿ ತಗ್ಗಿಸಿಕೊಂಡು ಬದನೆಕಾಯಿ ತೂಗಿ ಹೋದಳಂತೆ.

ಚಿತ್ರದ ಅಂಚಿಗೆ ನಾನು ಎರಡು ಕರಿಯ ಹೊಳಪಿನ ಗುಂಡು ಇಟ್ಟಿದ್ದೆ. ದೀಪ ಎಲ್ಲಿತ್ತು ಎಂಬುದನ್ನು ಕಂಪ್ಯೂಟರು ಅದರಲ್ಲಿ ಹೊಳೆಯುವ ಬಿಳಿ ಚುಕ್ಕೆಯಿಂದ ತಿಳಿದುಕೊಳ್ಳುತ್ತದೆ. ಸುಮಿತ್ರಾ ಅದನ್ನು ನೋಡಿ ದೃಷ್ಟಿ ತಾಕದಿರಲೆಂದು ಇಟ್ಟದ್ದು ಎಂದುಕೊಂಡು, ತಾವೂ ಒಂದು ನಿಂಬೆಹಣ್ಣು ತಂದು ಪಕ್ಕಕ್ಕಿಟ್ಟರು. ಅದು ಬೇಡವೆಂದು ಒಪ್ಪಿಸುವುದರಲ್ಲಿ ಇನ್ನೊಂದು ಟ್ರ್ಯಾಕ್ಟರು ಹಾದುಹೋಯಿತು.

ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ ಮಾವಶಿ, "ಆ ಗುಂಡ ಹೆಂಗ ಐತಿ, ಹೇಳ ನೋಡೋಣ," ಎಂದರು.

"ಕರ್ರಗೆ ನುಣುಪಾಗಿದೆ ಮಾವಶಿ. ದೀಪ ಅದರೊಳಗೆ ಒಂದು ಚುಕ್ಕೆಯಾಗಿ ಕಾಣುತ್ತೆ."

"ಇಷ್ಟಲಿಂಗ ಇದ್ದಂಗ," ಎಂದರು ಅವರು, ತಟ್ಟನೆ. "ನಾವೂ ಅಂಗೈಯಾಗ ಹಿಡಕೊಂಡ ಅದರಾಗ ಬೆಳಕಿನ ಚುಕ್ಕಿ ನೋಡಕೋತ ಕುಂದರತೇವಿ. ಎಲ್ಲಾ ಹೋತು ತಂಗಿ, ಮಂದಿ ಮಾರಿ ಕಾಣಾಂಗಿಲ್ಲ, ನನ್ನ ಕೈ ನನಗ ಕಾಣಾಂಗಿಲ್ಲ. ಆ ಚುಕ್ಕಿ ಒಂದ ಇನ್ನೂ ಕಾಣತೈತಿ."

ಇಷ್ಟು ವರ್ಷ ಆ ಗುಂಡುಗಳನ್ನು ಕಾಲುಚೀಲದಲ್ಲಿ ಸುತ್ತಿ ಪೆಟ್ಟಿಗೆಗೆ ಎಸೆಯುತ್ತಿದ್ದೆ. ಅಂದು ಸಂಜೆ ಕರ್ಚೀಫಿನಲ್ಲಿ ಸುತ್ತಿಟ್ಟೆ.

ಸಾಂಗ್ಲಿ ಪೇಟೆ

ಮರುದಿನ ಬೆಳಿಗ್ಗೆ ಮಹಾಂತೇಶ ನನ್ನನ್ನು ಸಾಂಗ್ಲಿಗೆ ಕರೆದೊಯ್ದರು. ಹೊರಡುವಾಗ ಗಲ್ಲಿಯ ತುದಿಯಲ್ಲಿ ಸಿತಾರ ಮಾಡುವ ಅಂಗಡಿಯ ಮುಂದೆ ಒಂದು ಗಳಿಗೆ ನಿಂತೆವು. ಮೈಸೂರು ಎಂದ ಕೂಡಲೇ ಅಂಗಡಿಯವರು, "ವೀಣಾ!" ಎಂದು ನಕ್ಕರು. ನಮ್ಮವರು ಹಲಸಿನ ಮರ ಕೊರೆದು ಮಾಡುವುದನ್ನು ಇವರು ಒಣಗಿದ ಸೋರೆಬುರುಡೆಯಿಂದ ಮಾಡುತ್ತಾರೆ. ಪಾಲಿಶ್ ಹಚ್ಚಿದ ಬುರುಡೆಯನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು, ಎಲ್ಲಿಯಾದರೂ ತಗ್ಗು ಉಳಿದಿದೆಯೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನನ್ನ ಎರಡು ಪೆಟ್ಟಿಗೆ ಸಾಮಾನು ಮಾಡುವುದೂ ಅದನ್ನೇ.

ಅರಿಸಿನದ ಪೇಟೆಯಲ್ಲಿ ಕಾಲಿಟ್ಟವರು ಬಿಳಿ ಬಟ್ಟೆ ಹಾಕಿರಬಾರದು. ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಹಮಾಲರು ಚೀಲ ಕೆಡವಿದರೆ ಹಳದಿ ಮೋಡ ಏಳುತ್ತದೆ, ಸುಮ್ಮನೆ ನಿಂತವರ ಹುಬ್ಬಿನ ಮೇಲೂ ಇಳಿಯುತ್ತದೆ. ನನ್ನ ಬಿಳಿ ಕುರ್ತಾ ಮಧ್ಯಾಹ್ನದೊಳಗೆ ಮದುವೆಮನೆಗೆ ಸಿದ್ಧವಾಯಿತು. ಮೈಸೂರಿನಲ್ಲಿ ಅರಿಸಿನ ಎಂದರೆ ದೇವರ ಮುಂದಿನ ಬಟ್ಟಲು, ಒಂದು ಚಿಟಿಕೆ. ಇಲ್ಲಿ ಅದನ್ನು ಲಾರಿಯಲ್ಲಿ ಅಳೆಯುತ್ತಾರೆ.

ಮಹಾಂತೇಶರ ಅಂಗಡಿಯಲ್ಲಿ ಗಾದಿಯ ಮೇಲೆ, ಎತ್ತರದಲ್ಲಿ, ಸಂಗವ್ವನ ಗಂಡನ ಚಿತ್ರ ತೂಗುಹಾಕಿದ್ದರು. ಅದೇ ಕಲಾವಿದನ ಕೈ. ಮಹಾಪೂರದಲ್ಲಿ ಇಬ್ಬರೂ ಹಳೆಯ ಮನೆಯ ಒಂದೇ ಗೋಡೆಯ ಮೇಲೆ ಅಕ್ಕಪಕ್ಕ ಇದ್ದರಂತೆ. ಇದರ ಗಾಜನ್ನೂ ಆಗಲೇ ತೆಗೆದಿದ್ದರು. ಆಮೇಲೆ ಮನೆಯವರೆಲ್ಲ ಮಿರಜಕ್ಕೆ ಹೋದಾಗ ಅಜ್ಜಿ ಮನೆಯೊಂದಿಗೆ ಹೋದಳು, ಅಜ್ಜ ಅಂಗಡಿಯಲ್ಲಿ ಉಳಿದ. ದಿನಾ ಬೆಳಿಗ್ಗೆ ಕೆಳಗಿನಿಂದ ಊದಿನಕಡ್ಡಿ ಬೆಳಗುತ್ತಾರೆ. ಅಷ್ಟೇ, ಕೈ ಎಟಕುವುದಿಲ್ಲ.

ಏಣಿ ತರಿಸಿ ಹತ್ತಿದೆ. ಟಾರ್ಚನ್ನು ಪಕ್ಕದಿಂದ ಹಿಡಿದೆ. ಅಜ್ಜನ ರುಮಾಲಿನ ಮಡಿಕೆಗಳಲ್ಲಿ, ಮೀಸೆಯ ಗೀರುಗಳಲ್ಲಿ ಅರಿಸಿನದ ಪುಡಿ ಸಣ್ಣಗೆ ಕೂತಿತ್ತು. ಅದರಡಿ ಬಣ್ಣ ಗಟ್ಟಿಯಾಗಿತ್ತು. ಅಂಚಿನಲ್ಲಿ ಒಂದೆರಡು ಬಿರುಕು ಬಿಟ್ಟರೆ, ಹಣೆಯ ಮೇಲೆ ಕುಂಚ ಎಳೆದ ಒಂದೊಂದು ಏರೂ ಹಾಗೇ ಇತ್ತು.

"ಅಜ್ಜ ಆರಾಮ ಅದಾರಲ್ಲ?" ಎಂದು ಮಹಾಂತೇಶ ಕೆಳಗಿನಿಂದ ಕೇಳಿದರು.

"ಆರಾಮವಾಗಿದ್ದಾರೆ," ಎಂದೆ. ಟಾರ್ಚನ್ನು ಇನ್ನೊಮ್ಮೆ ಹಣೆಯ ಮೇಲೆ ಆಡಿಸಿದೆ. ಒಂದೇ ಗೋಡೆ, ಒಂದೇ ತೇವ. ಹಾಗಾದರೆ ಅಜ್ಜಿಗೆ ಮಾತ್ರ ಏನಾಯಿತು?

ಮರಳಿ ಮಿರಜ

ಆ ಮಧ್ಯಾಹ್ನ ವಿಭೂತಿಯ ಕೆಲಸ. ಪುಣೆಯವರು ವಿಡಿಯೋ ಕರೆಯಲ್ಲಿ ನೋಡಿ, ಸಡಿಲವಾಗಿರುವ ಪುಡಿಯನ್ನಷ್ಟೇ ಮೆತ್ತನೆಯ ಒಣ ಕುಂಚದಿಂದ ತೆಗೆಯಬಹುದು, ಗಟ್ಟಿಯಾದದ್ದನ್ನು ಮುಟ್ಟಬೇಡಿ ಎಂದರು. ಮಾವಶಿಯನ್ನು ಕೇಳಿದೆ. "ತಗಿ. ಆದರ ಚೆಲ್ಲಬ್ಯಾಡ," ಎಂದು ಒಂದು ಪುಟ್ಟ ಹಿತ್ತಾಳೆ ಬಟ್ಟಲು ಕೊಟ್ಟರು. ಪುಡಿ ಸಲೀಸಾಗಿ ಬಂತು. ಅಡಿಯಲ್ಲಿ ಗಟ್ಟಿಯಾದದ್ದು ಏನೂ ಇರಲಿಲ್ಲ. ಬಟ್ಟಲನ್ನು ಮಾವಶಿ ಸೆರಗಿನಡಿ ಹಿಡಿದು ಒಳಗೆ ಒಯ್ದರು.

ಮತ್ತೆ ಕಂಬಳಿ, ದಾರ, ದೀಪ, ಟ್ರ್ಯಾಕ್ಟರು. ಸಂಜೆಯ ಹೊತ್ತಿಗೆ ಸಂಗವ್ವ ಪರದೆಯ ಮೇಲೆ ಬಂದಳು. ಮಹಾಂತೇಶ ನನ್ನ ಪಕ್ಕ ಕೂತಿದ್ದರು. ಬೆಳಕನ್ನು ಮುಂದಿನಿಂದ ಇಟ್ಟಾಗ ಹಣೆ ಸ್ವಲ್ಪ ಮಂಕಾಗಿದೆ ಎನ್ನಿಸಿತೇ ಹೊರತು ಹೆಚ್ಚೇನಿಲ್ಲ. ಬೆಳಕನ್ನು ಪಕ್ಕಕ್ಕೆ ಸರಿಸಿ, ಪೂರ್ತಿ ತಗ್ಗಿಸಿದೆ.

ಹಣೆಗೆ ಅಡ್ಡಲಾಗಿ ಮೂರು ತಗ್ಗು ಗೆರೆಗಳು ಎದ್ದುಬಂದವು. ಮೂರು ಬೆರಳಿನ ಅಗಲಕ್ಕೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ. ಅವುಗಳ ನಡುವೆ ಕುಂಚದ ಏರುಗಳು ಇನ್ನೂ ಇದ್ದವು. ಗೆರೆಗಳೊಳಗೆ ಬಣ್ಣ ಸವೆದು ಕ್ಯಾನ್ವಾಸಿನ ನೂಲು ಕಾಣುತ್ತಿತ್ತು. ಮೂಗುತಿಯ ಮುತ್ತೂ ಒಂದು ಬದಿಯಲ್ಲಿ ಚಪ್ಪಟೆಯಾಗಿತ್ತು. ಕೆನ್ನೆಯ ಮೇಲೆ, ಸೆರಗಿನ ಮೇಲೆ ಬಣ್ಣ ಅಜ್ಜನ ಚಿತ್ರದಲ್ಲಿರುವಷ್ಟೇ ಗಟ್ಟಿಯಾಗಿತ್ತು. ಪೂರದ ತೇವ ಅಷ್ಟಿಷ್ಟು ಸಡಿಲಿಸಿರಬಹುದು. ಅಳಿಸಿದ್ದು ತೇವ ಅಲ್ಲ. ನಮ್ಮಜ್ಜಿ ಹಿತ್ತಾಳೆ ತಂಬಿಗೆಯನ್ನು ಬೂದಿ ಹಚ್ಚಿ ತಿಕ್ಕಿ ತಿಕ್ಕಿ, ಅದರ ಮೇಲಿನ ಹೂಬಳ್ಳಿಯನ್ನೇ ಅಳಿಸಿದ್ದು ನೆನಪಾಯಿತು. ವಿಭೂತಿಯೂ ಬೂದಿಯೇ.

ಮಹಾಂತೇಶ ಪರದೆಯನ್ನೇ ನೋಡುತ್ತಿದ್ದರು. ಅವರಿಗೆ ನಾನು ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಬಾಯಾರ," ಎಂದರು, "ಆಕಿಗೆ ಹೇಳಬ್ಯಾಡ್ರಿ. ಪೂರದಿಂದ ಆತು ಅಂತ ಹೇಳ್ರಿ. ಈ ವಯಸ್ಸಿನಾಗ ಇದನ್ನ ಕೇಳಿದ್ರ ಆಕಿ ಉಳಿಯಾಂಗಿಲ್ಲ."

ಆಗಲಿ ಎಂದೆ. ಇದ್ದದ್ದನ್ನು ಇದ್ದಂತೆ ತೋರಿಸುವುದೇ ನನ್ನ ಹೊಟ್ಟೆಪಾಡು. ಆದರೆ ಆ ಮೂರು ಗೆರೆಗಳನ್ನು ಆ ಮುದುಕಿಯ ಮುಂದೆ ಇಡುವ ಧೈರ್ಯ ನನಗೂ ಇರಲಿಲ್ಲ.

ಊಟಕ್ಕೆ ಜೋಳದ ಭಕರಿ, ಕಡಲೆಹಿಟ್ಟಿನ ಝುಣಕಾ, ಹಸಿಮೆಣಸಿನಕಾಯಿ ಕುಟ್ಟಿದ ಖರಡಾ. ಅನ್ನಕ್ಕೆ ಹಾತೊರೆಯುವ ನನ್ನ ನಾಲಿಗೆ ಅಂದು ಏನನ್ನೂ ಕೇಳಲಿಲ್ಲ. ಕೈ ತೊಳೆದು ಬಂದರೆ ಮಾವಶಿ ಜಗಲಿಯ ಮೇಲೆ ಒಬ್ಬರೇ ಕೂತಿದ್ದರು.

"ಏನ ಕಾಣಿಸ್ತು ತಂಗಿ?"

"ಬಹಳ ಚೆನ್ನಾಗಿ ಬಂದಿದೆ ಮಾವಶಿ. ಸೆರಗಿನ ನೇಯ್ಗೆ ಕೂಡ..."

"ಹಣಿ?"

"ಹಣೆ... ಪ್ರವಾಹ ಬಂದಾಗಿನ ತೇವಕ್ಕೆ ಸ್ವಲ್ಪ..."

ಮಾವಶಿ ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು. "ಮಹಾಂತೇಶ ಹೇಳಿಕೊಟ್ಟನೇನ?"

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು.

"ಕಣ್ಣ ಹೋಗ್ಯಾವ, ಬೆರಳ ಹೋಗಿಲ್ಲ. ಗಾಜ ತಗದ ಹೊಸದರಾಗ ಅವ್ವನ ಹಣಿ ಬೆರಳಿಗೆ ಒರಟ ಒರಟ ಹತ್ತತಿತ್ತು. ಗೆರಿ ಗೆರಿ ಇದ್ದು. ಅವ್ವನ ಹಣಿ ಮ್ಯಾಲೆ ಖರೇ ಹಂಗ ಗೆರಿ ಇದ್ದು ನೋಡು. ಬರಬರತಾ ನುಣ್ಣಗ ಆತು. ಮೊದಲ ಕಿರುಬೆರಳಿಗೆ ಮೂಗುತಿ ಸಿಗತಿತ್ತು, ಅಲ್ಲಿಂದ ಮ್ಯಾಲೆ ಹೋದರ ಹಣಿ. ಈಗ ಮೂಗುತಿನೂ ಸರಿಯಾಗಿ ಸಿಗವಲ್ದು. ನನಗ ಗೊತ್ತಾಗಾಂಗಿಲ್ಲೇನು, ಯಾರ ಒರಸ್ಯಾರ ಅಂತ?"

"ಗೊತ್ತಿದ್ದೂ ಯಾಕೆ ಹಚ್ಚಿದ್ರಿ ಮಾವಶಿ?"

"ಬಿಟ್ಟರ ಅವ್ವನ ಹಣಿ ಬರಿದ ಆಕ್ಕೈತಲ್ಲ."

ಲಿಂಗಾಯತರ ಮನೆಯಲ್ಲಿ ಬರಿಹಣೆಯಲ್ಲಿ ಹೊತ್ತು ಹುಟ್ಟಬಾರದು. ನಾನು ಅಳುತ್ತಿದ್ದೆ. ಅವರಿಗೆ ಕಾಣುವುದಿಲ್ಲ ಎಂಬ ಧೈರ್ಯಕ್ಕೆ ಕಣ್ಣು ಒರೆಸಿಕೊಳ್ಳಲಿಲ್ಲ.

ಮಾವಶಿ ನನ್ನ ಮೊಣಕೈ ಬಿಡದೆ ಹೇಳಿದರು: "ನಾಳೆ ಹಚ್ಚಬಾರದು ಅಂತ ದಿನಾ ಅನಕೋತೇನಿ. ಮುಂಜಾನಿ ಆದರ ಕೈ ತಾನ ಏಳತೈತಿ. ಇಲ್ಲೇ ಇದ್ದರ ನಾ ಅವ್ವನ್ನ ಪೂರಾ ಒರಸಿಬಿಡತೇನಿ. ಒಯ್ಯಾಕ ಹೇಳ ಅವಂಗ. ನಾಳೇನ ಒಯ್ಯಲಿ. ತಡಾ ಮಾಡಿದರ ನನ್ನ ಮನಸ್ಸ ತಿರಗತೈತಿ."

"ಹೇಳ್ತೀನಿ."

"ಇನ್ನೊಂದ. ಪುಣೆದವರಿಗೆ ಹೇಳು, ಬಿಟ್ಟ ಬಣ್ಣ ಅಂಟಸಲಿ, ಬೂಸರ ತಗಿಲಿ. ಹಣಿ ಮ್ಯಾಲೆ ಹೊಸಾ ಬಣ್ಣ ಹಚ್ಚೂದ ಬ್ಯಾಡ. ಅದು ಇರಲಿ ಹಂಗ."

ಪುಣೆಯವರಿಗೆ ಅಂದೇ ಫೋನ್ ಮಾಡಿ ಹೇಳಿದೆ. ಅವರು ಸರಿ ಎಂದರು. ಮಹಾಂತೇಶರಿಗೆ ನಡೆದದ್ದನ್ನು ಹೇಳಿದಾಗ ಅವರು ಎದ್ದು ಜಗಲಿಗೆ ಹೋಗಿ, ಮಾವಶಿಯ ಪಕ್ಕ ಕೂತರು. ಆಮೇಲೆ ನಾವಿಬ್ಬರೂ ಸೇರಿ ಚಿತ್ರವನ್ನು ಕಾಗದದಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಸ್ಕ್ರೂ ಬಿಗಿದೆವು.

ಹೊರಡುವ ಬೆಳಗು

ಮಹಾಂತೇಶ ನನ್ನನ್ನು ನಿಲ್ದಾಣಕ್ಕೆ ಬಿಟ್ಟು, ಅದೇ ಕಾರಿನಲ್ಲಿ ಪುಣೆಗೆ ಹೋಗುವುದೆಂದಾಗಿತ್ತು. ಪೆಟ್ಟಿಗೆಗಳೆಲ್ಲ ಕಾರಿಗೇರಿದವು. ಸಂಗವ್ವನದು ಹಿಂದಿನ ಸೀಟಿನ ಮೇಲೆ, ಸುಮಿತ್ರಾ ಹಾಸಿದ ಕೌದಿಯ ಮೇಲೆ. ಬಿಟ್ಟುಹೋದದ್ದೇನಾದರೂ ಇದೆಯೇ ಎಂದು ನೋಡಲು ನಾನು ನಡುಮನೆಗೆ ಬಂದೆ.

ಮಾವಶಿ ಸ್ನಾನ ಮುಗಿಸಿ ಒಳಗಿನಿಂದ ಬಂದರು. ಎಡಗೈಯಲ್ಲಿ ಹಿತ್ತಾಳೆ ಬಟ್ಟಲು. ಬಲಗೈಯ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡೇ ಬಂದಿದ್ದರು. ಅಭ್ಯಾಸದ ಹೆಜ್ಜೆ, ಎಲ್ಲೂ ತಡವರಿಸದೆ ಗೋಡೆಯ ಮುಂದೆ ಬಂದು ನಿಂತರು. ಕೈ ಮೇಲೆದ್ದಿತು. ಕಿರುಬೆರಳು ಮೂಗುತಿಯನ್ನು ಹುಡುಕುತ್ತಾ ಗೋಡೆಯ ಮೇಲೆ ಒಂದಿಷ್ಟು ಅತ್ತಿತ್ತ ಆಡಿತು. ಬರೀ ಸುಣ್ಣ.

ಕೈ ಅಲ್ಲೇ ನಿಂತಿತು. ನಾನು ಉಸಿರು ಬಿಡಲಿಲ್ಲ. ಆದರೂ ಅವರಿಗೆ ಹೇಗೋ ತಿಳಿಯಿತು.

"ಯಾರದಾರ ಅಲ್ಲಿ?"

"ನಾನು ಮಾವಶಿ."

"ಇತ್ತ ಬಾರವ್ವ. ಮರತಬಿಟ್ಟಿದ್ದೆ ನೋಡು." ದನಿ ಒಂದಿಷ್ಟೂ ಅಲುಗಲಿಲ್ಲ. "ನಿನ್ನಿ ಅವ್ವನ ಹಣಿಯಿಂದ ನೀ ತಗದದ್ದ ಇದು. ಬೆರಳಿಗೆ ಹಚ್ಚಕೊಂಡ ಬಂದೇನಿ, ಹಂಗ ಹೊಳ್ಳಿ ಒಯ್ಯಬಾರದು."

ನಮ್ಮ ಮನೆಯಲ್ಲಿ ಹೆಂಗಸರಿಗೆ ಕುಂಕುಮವಷ್ಟೇ. ವಿಭೂತಿ ಇಟ್ಟುಕೊಂಡವಳಲ್ಲ ನಾನು. ಹತ್ತಿರ ಹೋಗಿ ತಲೆ ಬಗ್ಗಿಸಿ ನಿಂತೆ. ಅವರ ಕಿರುಬೆರಳು ನನ್ನ ಕೆನ್ನೆಗೆ ತಾಗಿ, ಮೂಗಿಗೆ ಬಂದು, ನನ್ನ ಮೂಗುಬೊಟ್ಟನ್ನು ಹುಡುಕಿ, ಸಿಕ್ಕಿತೆಂದು ಒಂದು ಕ್ಷಣ ಅಲ್ಲೇ ನಿಂತಿತು. ಅಲ್ಲಿಂದ ಮೇಲೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡು ಕಾದೆ. ಬಣ್ಣವನ್ನು ನೂಲು ಕಾಣುವಷ್ಟು ಸವೆಸಿದ ಬೆರಳುಗಳು, ಒತ್ತಿ ಎಳೆಯುತ್ತಾರೆ ಎಂದುಕೊಂಡು ಹಣೆ ಬಿಗಿಹಿಡಿದಿದ್ದೆ.

"ಆತು," ಎಂದರು ಮಾವಶಿ. "ಹೋಗಿ ಬಾ."

ನನಗೆ ಏನೂ ತಗುಲಿದಂತಾಗಲಿಲ್ಲ. ಹಚ್ಚಿದರೋ ಇಲ್ಲವೋ ಎಂದು ತಿಳಿಯಲು ಕಾರಿನಲ್ಲಿ ಕೂತ ಮೇಲೆ ಕನ್ನಡಿಯನ್ನು ತಿರುಗಿಸಿ ನೋಡಿಕೊಳ್ಳಬೇಕಾಯಿತು. ಮೂರು ಗೆರೆಗಳೂ ಅಲ್ಲಿದ್ದವು.